ಹಳೆಯ ಫ್ಲಾಪಿ ಡ್ರೈವ್‌ನ ಸ್ಟೆಪ್ಪರ್ ಮೋಟಾರಿನ ವೇಗ ತಗ್ಗಿಸುವುದು ಹೇಗೆ?

ನಿಮ್ಮ 5.25 ಇಂಚಿನ, 360 ಕೆಬಿ ಡ್ರೈವ್ ಹೊರಗಿನ ಟ್ರ್ಯಾಕ್‌ಗಳನ್ನು ಸರಿಯಾಗಿ ಓದಿ, ಒಳಗಿನ ಟ್ರ್ಯಾಕ್‌ಗಳಿಗೆ ಹೋಗುವಾಗ ಸೀಕ್ ದೋಷ (ಡಿಸ್ಕ್ ಓದುವ ಹೆಡ್ ಬೇಕಾದ ಟ್ರ್ಯಾಕನ್ನು ತಲುಪದಿರುವುದು) ಕೊಡುತ್ತಿದೆ ಎಂದೂ, 12 ವೋಲ್ಟನ್ನು ತಗ್ಗಿಸಿ ಮೋಟಾರನ್ನು ನಿಧಾನಗೊಳಿಸಬಹುದೇ ಎಂದೂ ಕೇಳಿದ್ದೀರಿ. ದಯವಿಟ್ಟು ವೋಲ್ಟೇಜನ್ನು ಮುಟ್ಟಬೇಡಿ. ಹೆಡ್ಡನ್ನು ಹೆಜ್ಜೆಹೆಜ್ಜೆಯಾಗಿ ಸರಿಸುವ ಸ್ಟೆಪ್ಪರ್ ಮೋಟಾರಿನ ವೇಗವನ್ನು ನಿರ್ಧರಿಸುವುದು ಒಂದು ವಿದ್ಯುತ್ ಪಲ್ಸ್‌ಗೂ ಮುಂದಿನ ಪಲ್ಸ್‌ಗೂ ನಡುವಿನ ಅಂತರ. ವೋಲ್ಟೇಜ್ ಇಳಿಸಿದರೆ ವೇಗ ಇಳಿಯುವುದಿಲ್ಲ, ಟಾರ್ಕ್ (ತಿರುಗಿಸುವ ಬಲ) ಮಾತ್ರ ಇಳಿದು ಹೆಡ್ ಇನ್ನಷ್ಟು ಹೆಜ್ಜೆ ತಪ್ಪುತ್ತದೆ. ಡಿಸ್ಕನ್ನು ನಿಮಿಷಕ್ಕೆ 300 ಸುತ್ತು ತಿರುಗಿಸುವ ಮೋಟಾರ್ ಬೇರೆಯೇ ಇದೆ, ಅದಕ್ಕೂ ಈ ದೋಷಕ್ಕೂ ಸಂಬಂಧವಿಲ್ಲ.

ಪಿಸಿಯಲ್ಲಿ ಈ ಅಂತರವನ್ನು ಇಡುವುದು 765 ಬಗೆಯ ಕಂಟ್ರೋಲರ್ ಚಿಪ್. ಅದರ ‘ಸ್ಪೆಸಿಫೈ’ ಆದೇಶದ ಸಂಕೇತದ ನಂತರ ಬರುವ ಮೊದಲ ಬೈಟಿನ ಮೇಲಿನ ಅರ್ಧವೇ ಸ್ಟೆಪ್ ದರ. 16ರಿಂದ ಆ ಸಂಖ್ಯೆಯನ್ನು ಕಳೆದು, 360 ಕೆಬಿ ಡ್ರೈವ್ ಆದ್ದರಿಂದ ಎರಡರಿಂದ ಗುಣಿಸಿದರೆ ಮಿಲಿಸೆಕೆಂಡುಗಳು ಸಿಗುತ್ತವೆ. ಡಾಸ್ ಸಾಮಾನ್ಯವಾಗಿ ಇಡುವ ‘ಡಿಎಫ್’ ಎಂಬ ಹೆಕ್ಸ್ (16ರ ಆಧಾರದ) ಸಂಖ್ಯೆಯಲ್ಲಿ ಮೇಲಿನ ಅರ್ಧವಾದ ಡಿ ಎಂದರೆ 13, ಅಂದರೆ ಅಂತರ 6 ಮಿಲಿಸೆಕೆಂಡು, ಅದನ್ನು ‘ಎಎಫ್’ ಮಾಡಿದರೆ (ಎ ಎಂದರೆ 10) 12 ಆಗುತ್ತದೆ. ಈ ಬೈಟ್ ಇರುವ ಕೋಷ್ಟಕದ ವಿಳಾಸವನ್ನು ಮೆಮೊರಿಯ 0000:0078ರಲ್ಲಿ ನೋಡಬಹುದು. ಡಾಸ್‌ನ ಡಿಬಗ್ ಪ್ರೋಗ್ರಾಂನಲ್ಲಿ ಬೈಟನ್ನು ಬದಲಿಸಿದ ಮೇಲೆ ಕಂಟ್ರೋಲರನ್ನು ಬಯೋಸ್ ಮೂಲಕ ರೀಸೆಟ್ ಮಾಡಲೇಬೇಕು, ಏಕೆಂದರೆ ಸ್ಪೆಸಿಫೈ ಆದೇಶ ಹೋಗುವುದು ಆಗಲೇ. ಇದನ್ನು ಮರೆತು ನಾನು ಒಂದು ಸಂಜೆಯಿಡೀ ಬೈಟ್ ಬದಲಿಸುತ್ತಾ ಕುಳಿತಿದ್ದೆ.

ಆದರೂ ನನ್ನ ಅನುಮಾನ ಇರುವುದು ಹೆಡ್ ಜಾರುವ ಕಂಬಿಗಳ ಮೇಲೆ. ಮೋಟಾರಿನ ಸುರುಳಿಯಲ್ಲಿ ಕರೆಂಟ್ ಏರಲು ಸ್ವಲ್ಪ ಸಮಯ ಬೇಕು. ಪಲ್ಸ್‌ಗಳು ಬೇಗಬೇಗ ಬಂದಷ್ಟೂ ಕರೆಂಟ್ ಪೂರ್ತಿ ಏರದೆ ಟಾರ್ಕ್ ಕುಗ್ಗುವುದರಿಂದ, ಗಟ್ಟಿಯಾದ ಹಳೆಯ ಗ್ರೀಸ್ ನಿಧಾನಗತಿಯಲ್ಲಿ ಅಡ್ಡಿ ಮಾಡದಿದ್ದರೂ ವೇಗದಲ್ಲಿ ಹೆಡ್ಡನ್ನು ತಡೆಯುತ್ತದೆ. ನನ್ನ ಡ್ರೈವ್‌ನಲ್ಲಿ ಅದು ಕಂದು ಮೇಣದಂತೆ ಅಂಟಿಕೊಂಡಿತ್ತು. ವಿದ್ಯುತ್ ತೆಗೆದು, ಐಸೊಪ್ರೊಪೈಲ್ ಆಲ್ಕೊಹಾಲ್ ತೇವದ ಬಟ್ಟೆಯಿಂದ ಕಂಬಿಗಳನ್ನು ಒರೆಸಿ, ತೆಳುವಾಗಿ ಹಗುರ ಎಣ್ಣೆ ಸವರಿದ ಮೇಲೆ 12 ಮಿಲಿಸೆಕೆಂಡಿನ ಅಗತ್ಯವೇ ಉಳಿಯಲಿಲ್ಲ. ಅದು ಈಗಲೂ 6ರಲ್ಲೇ ಓಡುತ್ತಿದೆ. ಹಾಗಾಗಿ ನಿಧಾನದ ದರವನ್ನು ಮೊದಲು ಪರೀಕ್ಷೆಗಾಗಿ ಬಳಸಿ: 12ರಲ್ಲಿ ದೋಷ ಮಾಯವಾದರೆ ಕಂಬಿಗಳನ್ನು ಶುಚಿಗೊಳಿಸಿ, ಮಾಯವಾಗದಿದ್ದರೆ ಹೆಡ್‌ನ ಜೋಡಣೆಯನ್ನೂ ಡಿಸ್ಕನ್ನೂ ಪರಿಶೀಲಿಸಿ.