ಗೋವಾದಲ್ಲಿ ಕ್ಯಾಸಿನೋಗಳು ನದಿ ಮೇಲೆ ಹಡಗಲ್ಲೇ ಯಾಕಿರ್ತವೆ? ಒಳಗಡೆ ಏನಿದೆ?
ಕಾನೂನು ಹಾಗಿದೆ, ಅದಕ್ಕೇ. ಗೋವಾದಲ್ಲಿ 1976ರ ಜೂಜು ಕಾಯ್ದೆ ಪ್ರಕಾರ ಜೂಜು ನಿಷಿದ್ಧ, ಆಮೇಲೆ 1992ರಲ್ಲಿ ತಿದ್ದುಪಡಿ ತಂದು ಫೈವ್ ಸ್ಟಾರ್ ಹೋಟೆಲ್‌ಗಳಲ್ಲಿ ಸ್ಲಾಟ್ ಮಷೀನ್, ಅಂದ್ರೆ ದುಡ್ಡು ಹಾಕಿ ಆಡೋ ಜೂಜಿನ ಯಂತ್ರ, ಇಡೋಕೆ ಬಿಟ್ರು, 1996ರಲ್ಲಿ ಇನ್ನೊಂದು ತಿದ್ದುಪಡಿ ಮಾಡಿ ಟೇಬಲ್ ಆಟಗಳಿಗೆ, ಅಂದ್ರೆ ಟೇಬಲ್ ಹತ್ರ ಮನುಷ್ಯರೇ ಆಡಿಸೋ ಆಟಗಳಿಗೆ, ನೀರಿನ ಮೇಲಿರೋ ಹಡಗಲ್ಲಿ ಮಾತ್ರ ಜಾಗ ಕೊಟ್ರು. ಹಾಗಾಗಿ ದೊಡ್ಡ ಆಟ ಎಲ್ಲಾ ಪಣಜಿ ಮುಂದೆ ಮಾಂಡೋವಿ ನದಿಗೆ ಬಂದು ಲಂಗರು ಹಾಕ್ತು. ಈ ಮಾಂಡೋವಿ ಬೇರೆ ಯಾವ್ದೂ ಅಲ್ಲ, ನಮ್ಮ ಖಾನಾಪುರದ ಭೀಮಗಡ ಕಾಡಲ್ಲಿ ಹುಟ್ಟೋ ಮಹದಾಯಿನೇ!

ಹಡಗು ಅಂದ ತಕ್ಷಣ ಊರೆಲ್ಲಾ ಸುತ್ತಿಸ್ತಾರೆ ಅಂದ್ಕೋಬೇಡಿ, ಸಾಮಾನ್ಯವಾಗಿ ಒಂದೇ ಕಡೆ ನಿಂತಿರ್ತವೆ, ದಡದ ಜೆಟ್ಟಿಯಿಂದ ಚಿಕ್ಕ ಬೋಟಲ್ಲಿ ಕರ್ಕೊಂಡ್ ಹೋಗಿ ಬಿಡ್ತಾರೆ. ಡೆಲ್ಟಿನ್ ರಾಯಲ್, ಕ್ಯಾಸಿನೋ ಪ್ರೈಡ್, ಬಿಗ್ ಡ್ಯಾಡಿ ಇವೆಲ್ಲಾ ಹೆಸರುವಾಸಿ. ಒಳಗೆ ರೂಲೆಟ್ (ತಿರುಗೋ ಚಕ್ರದಲ್ಲಿ ಚೆಂಡು ಯಾವ ನಂಬರ್ ಮನೆಗೆ ಬೀಳುತ್ತೆ ಅಂತ ಪಣ ಕಟ್ಟೋ ಆಟ), ಬ್ಲಾಕ್‌ಜಾಕ್, ಅಂದರ್ ಬಾಹರ್, ತೀನ್ ಪತ್ತಿ ಥರ ಇಸ್ಪೀಟ್ ಆಟಗಳು, ಜೊತೆಗೆ ಬಫೆ ಊಟ, ಹಾಡು ಡ್ಯಾನ್ಸ್. ಪ್ಯಾಕೇಜ್ ತಗೊಂಡ್ರೆ ಊಟ ಅದ್ರಲ್ಲೇ ಸೇರಿರುತ್ತೆ. 21 ವರ್ಷ ತುಂಬದವರಿಗೆ ಆಟದ ಹಾಲ್‌ಗೆ ಪ್ರವೇಶ ಇಲ್ಲ, ಐಡಿ ಮರೀಬೇಡಿ.

ರೂಲೆಟ್ ಚಕ್ರದಲ್ಲಿ 1ರಿಂದ 36ರ ಜೊತೆ ಸೊನ್ನೆ ಮನೆನೂ ಇರುತ್ತೆ, ಅಂದ್ರೆ ಕಮ್ಮಿ ಅಂದ್ರೂ 37 ಮನೆ, ಆದ್ರೆ ಒಂದು ನಂಬರ್ ಗೆದ್ರೆ ಸಿಗೋದು 35 ಪಟ್ಟು ಅಷ್ಟೇ, ಆ ವ್ಯತ್ಯಾಸನೇ ಮಾಲೀಕರ ಲಾಭ. ಅದಕ್ಕೇ ಕಳ್ಕೊಂಡ್ರೂ ಪರವಾಗಿಲ್ಲ ಅನ್ನಿಸೋಷ್ಟೇ ದುಡ್ಡು ಇಟ್ಕೊಂಡು ಹೋಗಿ, ಸಂಜೆ ಡೆಕ್ ಮೇಲೆ ನಿಂತು ನದಿ ನೋಡೋದನ್ನ ಮಾತ್ರ ಬಿಡಬೇಡಿ.