ಮನೆ ಶೆಡ್ಡಿಗೆ ಪ್ಲಾಸ್ಮಾ ಕಟ್ಟರ್: ಮೊದಲು ಕಂಪ್ರೆಸರ್ ನೋಡಿ, ಆಮೇಲೆ ಮೆಷಿನ್

ಪ್ರಶ್ನೆ: ಬಿಡುವಿದ್ದಾಗ ಮನೆಯ ಶೆಡ್ಡಿನಲ್ಲೇ ಗೇಟು, ಸ್ಟ್ಯಾಂಡು, ಟೇಬಲ್ಲು ಅಂತ ಏನಾದರೂ ಮಾಡಿಕೊಳ್ಳುತ್ತಿರುತ್ತೇನೆ. ವೆಲ್ಡಿಂಗ್ ಮೆಷಿನ್ ಇದೆ, ಗ್ರೈಂಡರ್ ಇದೆ. ಬಳಸುವುದು ಹೆಚ್ಚಾಗಿ 2ರಿಂದ 6 ಮಿ.ಮೀ. ಎಂಎಸ್ (ಮೈಲ್ಡ್ ಸ್ಟೀಲ್, ಮಾಮೂಲಿ ಕಬ್ಬಿಣ), ಯಾವಾಗಲೋ ಒಮ್ಮೆ 10 ಮಿ.ಮೀ. ಪ್ಲೇಟು. 230 ವೋಲ್ಟ್ ಸಿಂಗಲ್ ಫೇಸ್ ಕರೆಂಟು, 2 ಎಚ್‌ಪಿ ಮೋಟಾರಿನ 50 ಲೀಟರ್ ಕಂಪ್ರೆಸರ್. 50 ಆಂಪ್ಸ್ ಪ್ಲಾಸ್ಮಾ ಕಟ್ಟರ್ (ಕರೆಂಟಿನ ಕಿಡಿಯಿಂದ ಲೋಹ ಕರಗಿಸಿ, ಗಾಳಿ ಊದಿ ಕತ್ತರಿಸುವ ಮೆಷಿನ್) ಒಂದು ನೋಡಿದ್ದೇನೆ, 12 ಮಿ.ಮೀ. ಕತ್ತರಿಸುತ್ತೆ ಅಂತ ಡಬ್ಬದ ಮೇಲೆ ಬರೆದಿದ್ದಾರೆ. ತಗೋಬಹುದಾ?

ಉತ್ತರ: ನೀವು ಕತ್ತರಿಸುವುದು ಬರೀ ಸ್ಕ್ವೇರ್ ಪೈಪು, ಆಂಗಲ್ಲು, ನೇರ ಗೆರೆ ಆದರೆ ಪ್ಲಾಸ್ಮಾ ಬೇಡವೇ ಬೇಡ. ತೆಳು ಕಟಿಂಗ್ ವೀಲ್ ಹಾಕಿದ ಗ್ರೈಂಡರ್ ಆ ಕೆಲಸವನ್ನು ಇನ್ನೂ ಚೊಕ್ಕವಾಗಿ ಮಾಡುತ್ತದೆ. ಪ್ಲಾಸ್ಮಾ ಬೇಕಾಗುವುದು ಶೀಟಿನಲ್ಲಿ ಬಳ್ಳಿ, ಅಕ್ಷರ, ದುಂಡು ತೂತು ತೆಗೆಯುವಾಗ, ಇಲ್ಲವೇ ಸ್ಟೇನ್‌ಲೆಸ್ ಮತ್ತು ಅಲ್ಯೂಮಿನಿಯಂ ಕೈಗೆ ಬಂದಾಗ. ಇವೆರಡಕ್ಕೆ ಗ್ಯಾಸ್ ಕಟಿಂಗ್ ನಡೆಯಲ್ಲ, ಯಾಕಂದ್ರೆ ಗ್ಯಾಸು ಕಬ್ಬಿಣವನ್ನು ಆಕ್ಸಿಜನ್ನಿನಲ್ಲಿ ಉರಿಸಿ ಕತ್ತರಿಸುವುದು. ಪ್ಲಾಸ್ಮಾ ಹಾಗಲ್ಲ, ಕರೆಂಟು ಹರಿಯುವ ಲೋಹ ಯಾವುದಾದರೂ ಸೈ.

ಇನ್ನು ಆ 12 ಮಿ.ಮೀ. ವಿಚಾರ. ಒಂದೇ ಮೆಷಿನ್ನಿಗೆ ಮೂರು ದಪ್ಪ ಇರುತ್ತವೆ, ಡಬ್ಬದ ಮೇಲೆ ಬರುವುದು ಸಾಮಾನ್ಯವಾಗಿ ದೊಡ್ಡದು. ನಿಮಿಷಕ್ಕೆ ಸುಮಾರು 250 ಮಿ.ಮೀ. ವೇಗದಲ್ಲಿ ಕೈಯಲ್ಲಿ ಹಿಡಿದು ಕತ್ತರಿಸಲು ಆಗುವ ದಪ್ಪ ಒಂದು, ಇದೇ ಅಸಲಿ ಲೆಕ್ಕ. ಅದರ ಅರ್ಧ ವೇಗದಲ್ಲಿ, ಅಂಚು ಹೇಗಾದರೂ ಇರಲಿ ತುಂಡಾದರೆ ಸಾಕು ಅನ್ನುವ ದಪ್ಪ ಇನ್ನೊಂದು. ಪ್ಲೇಟಿನ ಅಂಚಿನಿಂದ ಶುರು ಮಾಡದೆ ನಡುವೆಯೇ ತೂತು ಹೊಡೆದು ಒಳಗೆ ಇಳಿಯಲು ಆಗುವ ದಪ್ಪ ಮೂರನೆಯದು, ಇದು ಎಲ್ಲಕ್ಕಿಂತ ಕಡಿಮೆ. ಕೊಳ್ಳುವ ಮುಂಚೆ ಮೊದಲನೆಯದನ್ನು ಕೇಳಿ. ಹೇಳಲು ತಡವರಿಸಿದರೆ ಆ ಮೆಷಿನ್ನನ್ನು ಅಲ್ಲೇ ಬಿಡಿ.

ನಿಮ್ಮ ಕೆಲಸಕ್ಕೆ 40 ಆಂಪ್ಸ್ ಸಾಕು ಅನ್ನುವುದು ನನ್ನ ಅಭಿಪ್ರಾಯ. 6 ಮಿ.ಮೀ. ಸಲೀಸಾಗಿ ಹೋಗುತ್ತದೆ, 10 ಮಿ.ಮೀ. ಪ್ಲೇಟನ್ನು ಅಂಚಿನಿಂದ ಶುರು ಮಾಡಿ ನಿಧಾನಕ್ಕೆ ಎಳೆದರೆ ಅದೂ ಆಗುತ್ತದೆ. 50 ಯಾಕೆ ಬೇಡ ಅಂದರೆ, 40ರಲ್ಲಿ ಓಡಿಸಿದರೇ ಮೆಷಿನ್ನು ಲೈನಿನಿಂದ 20 ಆಂಪ್ಸ್‌ಗೂ ಜಾಸ್ತಿ ಎಳೆಯುತ್ತದೆ. ಮಾಮೂಲಿ 16 ಆಂಪ್ಸ್ ಸಾಕೆಟ್ಟಿಗೆ ಅದೇ ಭಾರ. ಅದೇ ಲೈನಿನಲ್ಲಿ ಕಂಪ್ರೆಸರ್ರೂ ಇದ್ದರೆ ಮುಗೀತು, ಕಟ್ಟಿಂಗ್ ನಡುವೆ ಮೋಟಾರ್ ಶುರುವಾದ ಕೂಡಲೇ ಎಂಸಿಬಿ (ಬೋರ್ಡಿನ ಟ್ರಿಪ್ ಸ್ವಿಚ್ಚು) ಬೀಳುತ್ತದೆ. ಎರಡಕ್ಕೂ ಬೇರೆ ಬೇರೆ ಲೈನ್ ಹಾಕಿಸಿ. ತೆಳುವಾದ ಉದ್ದ ಎಕ್ಸ್‌ಟೆನ್ಶನ್ ವೈರಿನಲ್ಲಿ ಓಡಿಸುವ ಯೋಚನೆ ಇದ್ದರೆ ಬಿಟ್ಟುಬಿಡಿ.

ಈಗ ಕಂಪ್ರೆಸರ್. ಎಲ್ಲರೂ ಮೆಷಿನ್ನಿನ ಆಂಪ್ಸ್ ಬಗ್ಗೆಯೇ ತಲೆ ಕೆಡಿಸಿಕೊಳ್ಳುತ್ತಾರೆ, ಲೋಹ ಕರಗಿದ ಮೇಲೆ ಅದನ್ನು ಕೆಳಗೆ ಊದಿ ತಳ್ಳುವುದು ಗಾಳಿ ಅನ್ನುವುದು ಮರೆತೇ ಹೋಗಿರುತ್ತದೆ. 40 ಆಂಪ್ಸ್ ಟಾರ್ಚಿಗೆ (ಕೈಯಲ್ಲಿ ಹಿಡಿದು ಕತ್ತರಿಸುವ ಭಾಗ) ಸುಮಾರು 5 ಬಾರ್ ಒತ್ತಡದಲ್ಲಿ 4ರಿಂದ 6 ಸಿಎಫ್‌ಎಂ, ಅಂದರೆ ನಿಮಿಷಕ್ಕೆ ಹೆಚ್ಚುಕಡಿಮೆ 110ರಿಂದ 170 ಲೀಟರ್ ಗಾಳಿ ಬೇಕು. ನಿಮ್ಮ 50 ಲೀಟರ್ ಟ್ಯಾಂಕು 8 ಬಾರ್‌ನಿಂದ 5ಕ್ಕೆ ಇಳಿಯುವಷ್ಟರಲ್ಲಿ ಕೊಡುವ ಗಾಳಿ 50 ಗುಣಿಸು 3, ಅಂದರೆ 150 ಲೀಟರ್. ಬರೀ ಟ್ಯಾಂಕನ್ನೇ ನಂಬಿದರೆ ಒಂದು ನಿಮಿಷದ ಆಸುಪಾಸಿನಲ್ಲಿ ಖಾಲಿ! ಹಾಗಾಗಿ ಟ್ಯಾಂಕಿನ ಗಾತ್ರಕ್ಕಿಂತ ಮೋಟಾರ್ ನಿಮಿಷಕ್ಕೆ ಎಷ್ಟು ತುಂಬಿಸುತ್ತದೆ ಅನ್ನುವುದು ಮುಖ್ಯ. ಇಲ್ಲೂ ಒಂದು ಮೋಸ ಇದೆ. ಲೇಬಲ್ಲಿನಲ್ಲಿ ದೊಡ್ಡದಾಗಿ ಬರೆಯುವುದು ಪಿಸ್ಟನ್ ಒಳಗೆ ಎಳೆದುಕೊಳ್ಳುವ ಗಾಳಿಯನ್ನು. ಹೊರಗೆ ನಿಜವಾಗಿ ಸಿಗುವುದು, ಅಂದರೆ ಎಫ್‌ಎಡಿ, ಅದಕ್ಕಿಂತ ಸಾಕಷ್ಟು ಕಡಿಮೆ, ಸಣ್ಣ ಕಂಪ್ರೆಸರ್‌ಗಳಲ್ಲಿ ಮೂರನೇ ಒಂದು ಭಾಗದಷ್ಟು ಕಳೆದುಹೋಗುವುದು ಮಾಮೂಲು. ನಿಮ್ಮದರಲ್ಲಿ 5 ಸಿಎಫ್‌ಎಂ ಎಫ್‌ಎಡಿ ಇದ್ದರೆ 40 ಆಂಪ್ಸ್ ಮೆಷಿನ್ ನಡೆಯುತ್ತದೆ, ಆಗಾಗ ನಿಲ್ಲಿಸಿ ಮೋಟಾರ್ ತಣ್ಣಗಾಗಲು ಬಿಡಬೇಕು ಅಷ್ಟೆ. 50ಕ್ಕೆ ಹೋದರೆ ಅದಕ್ಕೂ ಕಷ್ಟ, ನಿಮಗೂ ಕಷ್ಟ.

ಉಳಿಸಿದ ದುಡ್ಡನ್ನು ಗಾಳಿ ಒಣಗಿಸಲು ಹಾಕಿ. ಗಾಳಿಯ ಜೊತೆ ನೀರು ಬಂದರೆ ಟಾರ್ಚಿನ ತುದಿಯಲ್ಲಿರುವ ಎಲೆಕ್ಟ್ರೋಡು (ಕಿಡಿ ಹೊರಡುವ ಭಾಗ), ನಾಜಲ್ಲು (ಅದರ ಮುಂದಿನ ತೂತಿನ ಮೂತಿ) ಎರಡೂ ಬೇಗ ಹಾಳಾಗುತ್ತವೆ. ಪರೀಕ್ಷೆ ಸುಲಭ: ಪೈಪನ್ನು ಮೆಷಿನ್ನಿನಿಂದ ಬಿಡಿಸಿ, ಪೈಪಿನ ಬಾಯಿಯ ಮುಂದೆ ಒಂದು ಬಿಳಿ ಬಟ್ಟೆ ಹಿಡಿದು ಸ್ವಲ್ಪ ಹೊತ್ತು ಗಾಳಿ ಬಿಡಿ. ಬಟ್ಟೆ ತೇವವಾದರೆ ನೀರು, ಹಳದಿ ಕಲೆ ಬಿದ್ದರೆ ಎಣ್ಣೆ. ಮೆಷಿನ್ನಿನ ಬೆನ್ನಿಗೇ ಅಂಟಿಸಿರುವ ಸಣ್ಣ ಗ್ಲಾಸಿನ ಫಿಲ್ಟರ್ ಹಿಡಿಯುವುದು ಹನಿಗಳನ್ನು ಮಾತ್ರ, ಆವಿಯನ್ನಲ್ಲ. ಕಂಪ್ರೆಸರಿನಿಂದ ಬಿಸಿಯಾಗಿ ಬರುವ ಗಾಳಿ ಉದ್ದದ ಪೈಪಿನಲ್ಲಿ ತಣ್ಣಗಾಗಿ ನೀರು ಬಿಟ್ಟ ಮೇಲೆ ಒಂದು ಫಿಲ್ಟರು, ಅದರ ನಂತರ ಸಿಲಿಕಾ ಜೆಲ್ ತುಂಬಿದ ಡ್ರೈಯರು, ಈ ಕ್ರಮದಲ್ಲಿ ಹಾಕಿ. ಟ್ಯಾಂಕಿನ ತಳದ ನೀರನ್ನು ದಿನಾ ಬಿಡಿ.

ಟಾರ್ಚ್ ವಿಷಯದಲ್ಲಿ ಪೈಲಟ್ ಆರ್ಕ್, ಅಂದರೆ ಲೋಹಕ್ಕೆ ತಾಗಿಸದೆ ಟಾರ್ಚಿನೊಳಗೇ ಹೊತ್ತಿಕೊಳ್ಳುವ ಕಿಡಿ, ಇರುವುದನ್ನೇ ತಗೊಳ್ಳಿ. ಇಲ್ಲದಿದ್ದರೆ ಪ್ರತಿ ಸಲ ತುದಿಯನ್ನು ಲೋಹಕ್ಕೆ ತಾಗಿಸಿ ಹೊತ್ತಿಸಬೇಕು. ತುಕ್ಕು, ಪೇಂಟ್ ಇದ್ದರೆ ಹೊತ್ತಿಕೊಳ್ಳುವುದೇ ಇಲ್ಲ, ಜಾಲರಿ ಕತ್ತರಿಸುವಾಗ ಪ್ರತಿ ಸಂದಿಯಲ್ಲೂ ಆರಿಹೋಗುತ್ತದೆ. ಮುಂದೆ ಸಿಎನ್‌ಸಿ ಟೇಬಲ್ (ಕಂಪ್ಯೂಟರ್ ಟಾರ್ಚನ್ನು ಓಡಿಸುವ ಟೇಬಲ್) ಮಾಡುವ ಆಸೆ ಇದ್ದರೆ ಕಿಡಿ ಹೊತ್ತಿಸಲು ಹೈ ಫ್ರೀಕ್ವೆನ್ಸಿ ಸ್ಟಾರ್ಟ್ ಬೇಡ, ಅದು ಹತ್ತಿರದ ಎಲೆಕ್ಟ್ರಾನಿಕ್ಸಿಗೆ ತೊಂದರೆ ಕೊಡುತ್ತದೆ. ಗಾಳಿಯ ಒತ್ತಡ ಎಲೆಕ್ಟ್ರೋಡನ್ನೂ ನಾಜಲ್ಲನ್ನೂ ದೂರ ಸರಿಸಿ ಕಿಡಿ ಹೊತ್ತಿಸುವ ಬ್ಲೋಬ್ಯಾಕ್ ಸ್ಟಾರ್ಟ್ ಇರುವುದನ್ನು ಹುಡುಕಿ. ಮೆಷಿನ್ ಬ್ರ್ಯಾಂಡ್ ಏನೇ ಇರಲಿ, ಟಾರ್ಚಿನ ನಂಬರ್ ಬರೆದುಕೊಂಡು ಅದರ ನಾಜಲ್ಲು, ಎಲೆಕ್ಟ್ರೋಡು ಸುಲಭವಾಗಿ ಸಿಗುತ್ತವಾ ಅಂತ ಮೊದಲೇ ನೋಡಿ. ಎಲೆಕ್ಟ್ರೋಡಿನ ತುದಿಯ ನಡುವೆ ಒಂದು ಸಣ್ಣ ಬೆಳ್ಳಿ ಬಣ್ಣದ ಚುಕ್ಕೆ ಕಾಣುತ್ತದೆ, ಅದು ಹಾಫ್ನಿಯಂ. ಅಲ್ಲಿ ಸುಮಾರು 1.5 ಮಿ.ಮೀ. ಆಳದ ಗುಂಡಿ ಬಿದ್ದರೆ ಬದಲಾಯಿಸುವ ಹೊತ್ತಾಯಿತು. ನಾಜಲ್ ತೂತು ದುಂಡಗಿಲ್ಲದೆ ಒಂದು ಕಡೆ ಎಳೆದಂತಾಗಿದ್ದರೆ ಅದನ್ನೂ ತೆಗೆಯಿರಿ, ಇಲ್ಲವಾದರೆ ಕಟ್ಟು ಓರೆಯಾಗುತ್ತದೆ. ಬದಲಾಯಿಸುವ ಮುಂಚೆ ಮೆಷಿನ್ ಆಫ್ ಮಾಡಲೇಬೇಕು, ಟಾರ್ಚಿನಲ್ಲಿ 200 ವೋಲ್ಟಿಗೂ ಹೆಚ್ಚು ಡಿಸಿ ಇರಬಹುದು.

ಡ್ಯೂಟಿ ಸೈಕಲ್? ಕೈಯಲ್ಲಿ ಕತ್ತರಿಸುವವರಿಗೆ ಅದು ದೊಡ್ಡ ವಿಷಯ ಅಲ್ಲ. 40 ಆಂಪ್ಸ್‌ನಲ್ಲಿ 35% ಅಂದರೆ 10 ನಿಮಿಷದಲ್ಲಿ ಮೂರೂವರೆ ನಿಮಿಷ ಕಟ್ಟಿಂಗ್. ಗುರುತು ಹಾಕಿ, ಕ್ಲ್ಯಾಂಪ್ ಮಾಡಿ, ಪ್ಲೇಟು ತಿರುಗಿಸುವಷ್ಟರಲ್ಲಿ ಉಳಿದ ಸಮಯ ತಾನಾಗಿ ಕಳೆಯುತ್ತದೆ.

ಪ್ರಶ್ನೆ: ಒಳಗೇ ಕಂಪ್ರೆಸರ್ ಇರುವ ಪ್ಲಾಸ್ಮಾ ಕಟ್ಟರ್ ಸಿಗುತ್ತದಲ್ಲ, ಅದು ಹೇಗೆ?

ಉತ್ತರ: ಹೊತ್ತುಕೊಂಡು ಓಡಾಡಿ ತೆಳು ಶೀಟು ಕತ್ತರಿಸುವವರಿಗೆ ಚೆನ್ನಾಗಿದೆ. ಒಳಗಿನ ಕಂಪ್ರೆಸರ್ ಸಣ್ಣದು, ಗಾಳಿ ಕಮ್ಮಿ, ದಪ್ಪ ಪ್ಲೇಟಿಗೆ ಉಸಿರು ಸಾಲಲ್ಲ. ಮನೆಯಲ್ಲಿ ಕಂಪ್ರೆಸರ್ ಇದ್ದರೆ ಸುಮ್ನೆ ಇನ್ನೊಂದಕ್ಕೆ ದುಡ್ಡು ಕೊಟ್ಟಂತೆ.

ಪ್ರಶ್ನೆ: ವೆಲ್ಡಿಂಗ್ ಹೆಲ್ಮೆಟ್ಟನ್ನೇ ಹಾಕಿಕೊಂಡು ಪ್ಲಾಸ್ಮಾ ಕಟ್ಟಿಂಗ್ ಮಾಡಬಹುದಾ?

ಉತ್ತರ: ಕಣ್ಣಿಗೆ ಹಾನಿ ಇಲ್ಲ, ಆದರೆ ಅದರ 10 ಅಥವಾ 11 ಶೇಡಿನಲ್ಲಿ (ಶೇಡ್ ಅಂದರೆ ಗಾಜು ಎಷ್ಟು ಕಪ್ಪು ಅನ್ನುವ ನಂಬರ್) ಗೆರೆ ಕಾಣಿಸಲ್ಲ, ಕೈ ಎಲ್ಲೆಲ್ಲೋ ಹೋಗುತ್ತದೆ. 20ರಿಂದ 40 ಆಂಪ್ಸ್‌ಗೆ ಶೇಡ್ 5, 40ರಿಂದ 60ಕ್ಕೆ ಶೇಡ್ 6 ಇದ್ದರೆ ಸಾಕು. ಬರೀ ತಂಪು ಕನ್ನಡಕ ಮಾತ್ರ ನಡೆಯಲ್ಲ. ಹೊಗೆಯ ಬಗ್ಗೆಯೂ ಹುಷಾರು: ಜಿಐ ಶೀಟಿನ ಸತುವಿನ ಹೊಗೆ ಜ್ವರ ಬರಿಸುತ್ತದೆ, ಸ್ಟೇನ್‌ಲೆಸ್ ಹೊಗೆಯಲ್ಲಿ ಕ್ಯಾನ್ಸರ್ ತರುವ ಕ್ರೋಮಿಯಂ ಇರುತ್ತದೆ. ಬಾಗಿಲು ತೆರೆದಿಡಿ, ಹೊಗೆ ಎಳೆಯುವ ಫ್ಯಾನ್ ಹಾಕಿ, ಲೋಹದ ಹೊಗೆ ತಡೆಯುವ ಮಾಸ್ಕ್ ಧರಿಸಿ. ಕ್ಲೋರಿನ್ ಇರುವ ಬ್ರೇಕ್ ಕ್ಲೀನರಿನಿಂದ ಒರೆಸಿದ ತುಂಡನ್ನು ಹಾಗೇ ಕತ್ತರಿಸಬೇಡಿ, ಆರ್ಕ್ ಬೆಳಕಿಗೆ ಅದು ಫಾಸ್ಜೀನ್ ಅನ್ನುವ ವಿಷಾನಿಲ ಆಗಬಹುದು. ಖಾಲಿ ಡೀಸೆಲ್ ಡ್ರಮ್ ಒಂದಿದೆ, ಉದ್ದಕ್ಕೆ ಸೀಳಿ ಒಲೆ ಮಾಡಬೇಕು ಅಂತ ಇದ್ದರೆ ಪ್ಲಾಸ್ಮಾ ಮುಟ್ಟಲೇಬೇಡಿ, ಗ್ರೈಂಡರೂ ಬೇಡ. ತೊಳೆದಿದ್ದರೂ ಒಳಗೆ ಆವಿ ಉಳಿದಿರಬಹುದು, ಒಂದು ಕಿಡಿಗೆ ಡ್ರಮ್ ಸಿಡಿಯುತ್ತದೆ.