‘ಎಲ್‌ವೈ’ ಸೂತ್ರವನ್ನು ನಂಬಿ ಬರೆದ ಪಾಠದ ಬಗ್ಗೆ

ನಮಸ್ಕಾರ,

ಹತ್ತನೇ ತರಗತಿಯ ಕನ್ನಡ ಮಾಧ್ಯಮದ ಮಕ್ಕಳಿಗೆಂದು ನೀವು ಕಳಿಸಿದ ‘ಅಡ್ಜೆಕ್ಟಿವ್ ಯಾವುದು, ಅಡ್ವರ್ಬ್ ಯಾವುದು’ ಲೇಖನವನ್ನು ಪೂರ್ತಿ ಓದಿದೆ. ಈಗಿರುವ ರೂಪದಲ್ಲಿ ಇದನ್ನು ಪ್ರಕಟಿಸಲು ಆಗುವುದಿಲ್ಲ. ಆದರೆ ನೀವು ಇದನ್ನು ಮತ್ತೊಮ್ಮೆ ಬರೆಯಲೇಬೇಕು ಅನ್ನಿಸಿದ್ದರಿಂದ ಎರಡು ಸಾಲಿನ ವಿಷಾದಪತ್ರದ ಬದಲು ಇಷ್ಟುದ್ದ ಬರೆಯುತ್ತಿದ್ದೇನೆ.

ನಿಮ್ಮ ಲೇಖನ ನಿಂತಿರುವುದು ಒಂದೇ ಸೂತ್ರದ ಮೇಲೆ: ಪದದ ಕೊನೆಯಲ್ಲಿ ಎಲ್‌ವೈ (ly) ಇದ್ದರೆ ಅಡ್ವರ್ಬ್ (ಕ್ರಿಯಾವಿಶೇಷಣ), ಇಲ್ಲದಿದ್ದರೆ ಅಡ್ಜೆಕ್ಟಿವ್ (ನಾಮವಿಶೇಷಣ). ಮಕ್ಕಳಿಗೆ ಇದು ಬೇಗ ನೆನಪುಳಿಯುತ್ತದೆ ನಿಜ. ಆದರೆ ‘ಫ್ರೆಂಡ್ಲಿ’, ‘ಲವ್ಲಿ’, ‘ಕಾಸ್ಟ್ಲಿ’ ಮೂರೂ ಅಡ್ಜೆಕ್ಟಿವ್‌ಗಳೇ. ‘ಕಾಸ್ಟ್ಲಿ’ಯಂತೂ ನಮ್ಮ ಮನೆಮಾತಿಗೇ ಬಂದುಬಿಟ್ಟಿದೆ. ‘ಕಾಸ್ಟ್ಲಿ ಸೀರೆ’ ಅನ್ನುವ ಹುಡುಗಿ ನಿಮ್ಮ ಸೂತ್ರ ಓದಿದ ಕೂಡಲೇ ಗೊಂದಲಕ್ಕೆ ಬೀಳುತ್ತಾಳೆ. ಇವನ್ನೆಲ್ಲ ‘ಕೆಲವು ಅಪವಾದಗಳು’ ಎಂದು ಒಂದು ಸಾಲಿನಲ್ಲಿ ಮುಗಿಸಿದ್ದೀರಿ. ಅಲ್ಲೂ ಒಂದು ಕ್ರಮವಿದೆ. ಫ್ರೆಂಡ್, ಕಾಸ್ಟ್, ಮದರ್‌ನಂಥ ನಾಮಪದಕ್ಕೆ ಎಲ್‌ವೈ ಸೇರಿದರೆ ಸಾಮಾನ್ಯವಾಗಿ ಅಡ್ಜೆಕ್ಟಿವ್ ಆಗುತ್ತದೆ. ಕ್ವಿಕ್, ಸ್ಯಾಡ್‌ನಂಥ ಅಡ್ಜೆಕ್ಟಿವ್‌ಗೆ ಸೇರಿದರೆ ಅಡ್ವರ್ಬ್. ‘ಡೈಲಿ’, ‘ವೀಕ್ಲಿ’ ಎರಡೂ ಕಡೆ ಸಲ್ಲುತ್ತವೆ. ಹಳೆಯ ಇಂಗ್ಲಿಷಿನಲ್ಲಿ ಅಡ್ಜೆಕ್ಟಿವ್‌ಗೆ ‘ಲಿಚ್’, ಅಡ್ವರ್ಬ್‌ಗೆ ‘ಲಿಚೆ’ ಎಂದು ಎರಡು ಪ್ರತ್ಯಯಗಳಿದ್ದವು. ಶತಮಾನಗಳ ಬಳಕೆಯಲ್ಲಿ ಸವೆದು ಎರಡೂ ಒಂದೇ ‘ಲಿ’ ಆದವು. ಇದನ್ನು ಹೇಳಿದರೆ ಇಂಗ್ಲಿಷ್ ಅಂದರೆ ಮನಬಂದಂತೆ ನಡೆಯುವ ಭಾಷೆ ಎಂಬ ಭಯ ಮಕ್ಕಳಿಗೆ ಸ್ವಲ್ಪವಾದರೂ ಕಡಿಮೆಯಾಗುತ್ತದೆ.

‘ಫಾಸ್ಟ್’, ‘ಹಾರ್ಡ್’ ಕಥೆಯೂ ಇದೇ. ಹಿಂದೆ ಇವು ಅಡ್ವರ್ಬ್ ಆಗುವಾಗ ಕೊನೆಗೊಂದು ‘ಎ’ಕಾರ ಸೇರುತ್ತಿತ್ತು. ಆ ಸ್ವರ ಬಿದ್ದುಹೋದ ಮೇಲೆ ಎರಡಕ್ಕೂ ಒಂದೇ ರೂಪ ಉಳಿಯಿತು. ನಿಮ್ಮ ಪಟ್ಟಿಯಲ್ಲಿ ‘ಫಾಸ್ಟ್ಲಿ’ ಎಂಬ ಪದವಿದೆ. ಇಂದಿನ ಇಂಗ್ಲಿಷಿನಲ್ಲಿ ಅದು ಬಳಕೆಯಲ್ಲಿಲ್ಲ, ದಯವಿಟ್ಟು ತೆಗೆಯಿರಿ. ಅದಕ್ಕಿಂತ ದೊಡ್ಡ ಅಪಾಯ ‘ಹಾರ್ಡ್ಲಿ’. ‘ಹಿ ವರ್ಕ್ಸ್ ಹಾರ್ಡ್’ ಅಂದರೆ ಕಷ್ಟಪಟ್ಟು ದುಡಿಯುತ್ತಾನೆ. ‘ಹಿ ಹಾರ್ಡ್ಲಿ ವರ್ಕ್ಸ್’ ಅಂದರೆ ಕೆಲಸ ಮಾಡುವುದೇ ಅಪರೂಪ. ನಿಮ್ಮ ಸೂತ್ರವನ್ನು ನಂಬಿದ ವಿದ್ಯಾರ್ಥಿ ಮುಂದೆ ಕೆಲಸದ ಅರ್ಜಿಯಲ್ಲಿ ‘ಹಾರ್ಡ್ಲಿ’ ಬರೆದರೆ ನಷ್ಟ ಅವನದು. ‘ಲೇಟ್’ ಮತ್ತು ‘ಲೇಟ್ಲಿ’ ಜೋಡಿಯನ್ನೂ ಇಲ್ಲೇ ಸೇರಿಸಿ: ಒಂದು ತಡವಾಗಿ, ಇನ್ನೊಂದು ಇತ್ತೀಚೆಗೆ.

ಈಗ ಮುಖ್ಯ ವಿಷಯ. ಮೂರನೇ ಪುಟದಲ್ಲಿ ‘ಕನ್ನಡದಲ್ಲಿ ಆದ ಎಂದು ಬಂದರೆ ಅಡ್ಜೆಕ್ಟಿವ್, ಆಗಿ ಎಂದು ಬಂದರೆ ಅಡ್ವರ್ಬ್’ ಎಂದು ಬರೆದು ಮುಂದೆ ಹೋಗಿದ್ದೀರಿ. ಇಡೀ ಲೇಖನ ಹುಟ್ಟಬೇಕಾದ ಜಾಗ ಅದು. ಅರ್ಧ ಮಾತ್ರ ನಿಜವಾದ ಆ ಸಾಲೇ ನಮ್ಮ ಮಕ್ಕಳನ್ನು ಎಡವಿಸುವುದು ಕೂಡ. ‘ಸುಂದರವಾದ ಹೂವು’ ಸರಿ, ‘ಸುಂದರವಾಗಿ ಹಾಡಿದಳು’ ಸರಿ. ಆದರೆ ‘ಹೂವು ಸುಂದರವಾಗಿ ಕಾಣುತ್ತದೆ’, ‘ಸಾರು ರುಚಿಯಾಗಿದೆ’ ಎನ್ನುವಾಗಲೂ ನಾವು ‘ಆಗಿ’ಯನ್ನೇ ಬಳಸುತ್ತೇವೆ. ‘ಹುಡುಗಿ ಚೆನ್ನಾಗಿದ್ದಾಳೆ, ಚೆನ್ನಾಗಿ ಹಾಡುತ್ತಾಳೆ’: ಎರಡು ಸಲವೂ ‘ಚೆನ್ನಾಗಿ’. ಇಂಗ್ಲಿಷ್ ಇಲ್ಲಿ ದಾರಿ ಬದಲಿಸುತ್ತದೆ. ಹೂವು ‘ಲುಕ್ಸ್ ಬ್ಯೂಟಿಫುಲ್’, ಸಾರು ‘ಟೇಸ್ಟ್ಸ್ ಗುಡ್’, ಹುಡುಗಿ ಮಾತ್ರ ‘ಸಿಂಗ್ಸ್ ವೆಲ್’. ನಮ್ಮ ಮಕ್ಕಳು ‘ದ ಫ್ಲವರ್ ಲುಕ್ಸ್ ಬ್ಯೂಟಿಫುಲಿ’ ಎಂದು ಬರೆದರೆ ಅದು ಅಜ್ಞಾನವಲ್ಲ. ಕನ್ನಡವನ್ನು ಸರಿಯಾಗಿ ಬಲ್ಲವರು ಅದರ ನಿಯಮವನ್ನು ಇಂಗ್ಲಿಷಿಗೂ ಅನ್ವಯಿಸಿದ್ದಾರೆ, ಅಷ್ಟೆ. ಇಂಗ್ಲೆಂಡಿನ ಮಕ್ಕಳಿಗೆಂದು ಬರೆದ ಪುಸ್ತಕ ಈ ಮಾತನ್ನು ಹೇಳಲಾರದು. ನೀವು ಹೇಳಬಲ್ಲಿರಿ.

ಲುಕ್, ಫೀಲ್, ಸ್ಮೆಲ್, ಟೇಸ್ಟ್, ಸೌಂಡ್, ಸೀಮ್: ಈ ಕ್ರಿಯಾಪದಗಳಿಗೆ ಒಂದು ಸಣ್ಣ ಪರೀಕ್ಷೆ ಕೊಡಿ. ಕ್ರಿಯಾಪದವನ್ನು ತೆಗೆದು ಆ ಜಾಗದಲ್ಲಿ ‘ಇಸ್’ ಅಥವಾ ‘ವಾಸ್’ ಇಟ್ಟು ನೋಡುವುದು. ‘ಷಿ ಲುಕ್ಡ್ ಆಂಗ್ರಿ’ ವಾಕ್ಯ ‘ಷಿ ವಾಸ್ ಆಂಗ್ರಿ’ ಎಂದಾದರೂ ನಿಲ್ಲುತ್ತದೆ. ಕೋಪ ಅವಳ ಗುಣಸ್ಥಿತಿ, ಆದ್ದರಿಂದ ಅಡ್ಜೆಕ್ಟಿವ್. ‘ಷಿ ಲುಕ್ಡ್ ಆಂಗ್ರಿಲಿ ಅಟ್ ದ ಬಾಯ್’ ವಾಕ್ಯದಲ್ಲಿ ‘ವಾಸ್’ ಇಟ್ಟರೆ ಅರ್ಥವೇ ಕೆಡುತ್ತದೆ. ಅಲ್ಲಿ ಅವಳು ಹುಡುಗನನ್ನು ದಿಟ್ಟಿಸುತ್ತಿದ್ದಾಳೆ, ದಿಟ್ಟಿಸಿದ ರೀತಿಯನ್ನು ‘ಆಂಗ್ರಿಲಿ’ ಹೇಳುತ್ತಿದೆ. ಒಂದೇ ಕ್ರಿಯಾಪದದ ಎರಡು ಕೆಲಸಗಳನ್ನು ಹೀಗೆ ಅಕ್ಕಪಕ್ಕ ಇಟ್ಟರೆ ಸಾಕು, ನಿಮ್ಮ ಉದ್ದದ ಪಟ್ಟಿ ಬೇಕಾಗುವುದಿಲ್ಲ. ‘ವೆಲ್’ ಆರೋಗ್ಯದ ಅರ್ಥದಲ್ಲಿ ಅಡ್ಜೆಕ್ಟಿವ್ ಆಗುತ್ತದೆ ಎಂಬುದನ್ನು ಮಾತ್ರ ಮರೆಯಬೇಡಿ, ‘ಐ ಆಮ್ ವೆಲ್’ ತಪ್ಪೆಂದು ಯಾರೂ ತಿಳಿಯಬಾರದು.

ರಸ್ತೆಬದಿಯ ‘ಗೋ ಸ್ಲೋ’ ಫಲಕವನ್ನು ವ್ಯಾಕರಣ ದೋಷಕ್ಕೆ ಉದಾಹರಣೆಯಾಗಿ ಕೊಟ್ಟಿದ್ದೀರಿ. ಅದು ದೋಷವಲ್ಲ. ‘ಸ್ಲೋ’ ಅಡ್ವರ್ಬ್ ಆಗಿ ಬಹಳ ಹಿಂದಿನಿಂದಲೂ ಬಳಕೆಯಲ್ಲಿದೆ. ಇಂಥ ಬಳಕೆಗಳ ಮೇಲಿನ ಸಿಟ್ಟು 18ನೇ ಶತಮಾನದ ವ್ಯಾಕರಣಕಾರರದು. 1762ರಲ್ಲಿ ರಾಬರ್ಟ್ ಲೌತ್ ತಮ್ಮ ಇಂಗ್ಲಿಷ್ ವ್ಯಾಕರಣದಲ್ಲಿ ಅಡ್ಜೆಕ್ಟಿವ್‌ಗಳನ್ನು ಅಡ್ವರ್ಬ್‌ಗಳಂತೆ ಬಳಸುವುದು ಸಲ್ಲದು ಎಂದರು, ಶಾಲಾ ಪುಸ್ತಕಗಳು ಅದೇ ಜಾಡು ಹಿಡಿದವು. ಪರೀಕ್ಷೆಯಲ್ಲಿ ‘ಸ್ಲೋಲಿ’ ಬರೆಯುವುದು ಕ್ಷೇಮ ಎನ್ನಿ, ಒಪ್ಪುತ್ತೇನೆ. ‘ಸ್ಲೋ’ ಕ್ರಿಯಾಪದದ ನಂತರವೇ ಬರಬೇಕು, ‘ಹಿ ಸ್ಲೋ ಡ್ರೋವ್’ ಎನ್ನಲಾಗದು ಎಂದೂ ಹೇಳಿ. ಫಲಕವನ್ನು ಮಾತ್ರ ತಪ್ಪೆನ್ನಬೇಡಿ. ಮಕ್ಕಳು ನಿಮ್ಮ ಮಾತನ್ನು ನಂಬಿ ಇನ್ನೊಬ್ಬರನ್ನು ತಿದ್ದಲು ಹೋಗುತ್ತಾರೆ.

ಅಡ್ವರ್ಬ್‌ನ ಐದು ವಿಧಗಳ ಪುಟಗಳನ್ನು ಕೈಬಿಡಿ. ಅದು ಎಲ್ಲ ಗೈಡುಗಳಲ್ಲೂ ಇದೆ, ಗುರುತಿಸುವ ಕಷ್ಟಕ್ಕೆ ಅದರಿಂದ ಉಪಯೋಗವಿಲ್ಲ. ಬದಲಿಗೆ ‘ಕ್ರಿಯಾವಿಶೇಷಣ’ ಕ್ರಿಯೆಯನ್ನಷ್ಟೇ ಅಲ್ಲ, ಅಡ್ಜೆಕ್ಟಿವ್ಅನ್ನೂ ಇನ್ನೊಂದು ಅಡ್ವರ್ಬ್‌ಅನ್ನೂ ವಿಶೇಷಿಸುತ್ತದೆ ಎಂದು ‘ವೆರಿ ಟಾಲ್’, ‘ವೆರಿ ಸ್ಲೋಲಿ’ ಉದಾಹರಣೆಗಳೊಂದಿಗೆ ನಾಲ್ಕು ಸಾಲು ಬರೆಯಿರಿ. ‘ವೆರಿ’ಗೆ ಎಲ್‌ವೈ ಇಲ್ಲ ಎಂಬುದನ್ನೂ ಅವರೇ ಗಮನಿಸಲಿ.

ಪರಿಷ್ಕೃತ ಲೇಖನ ‘ಚೆನ್ನಾಗಿದ್ದಾಳೆ, ಚೆನ್ನಾಗಿ ಹಾಡುತ್ತಾಳೆ’ಯಂಥ ಕನ್ನಡ ವಾಕ್ಯದಿಂದಲೇ ಶುರುವಾಗಲಿ, ಎರಡು ಪುಟ ದಾಟದಿರಲಿ. ಕೊನೆಯಲ್ಲಿ ಕನ್ನಡದಿಂದ ಇಂಗ್ಲಿಷಿಗೆ ತರುವ ಹತ್ತು ವಾಕ್ಯಗಳ ಅಭ್ಯಾಸ ಕೊಡಿ. ಹತ್ತರಲ್ಲೂ ‘ಆಗಿ’ ಇರಲಿ, ಅರ್ಧಕ್ಕೆ ಅಡ್ಜೆಕ್ಟಿವ್, ಅರ್ಧಕ್ಕೆ ಅಡ್ವರ್ಬ್ ಬೇಕಾಗುವಂತೆ ಆರಿಸಿ. ಉತ್ತರಗಳನ್ನು ಬೇರೆ ಹಾಳೆಯಲ್ಲಿ ಕಳಿಸಿ, ಮುಂದಿನ ಸಂಚಿಕೆಯಲ್ಲಿ ಹಾಕೋಣ.

ವಿಶ್ವಾಸದಿಂದ,
ಸಂಪಾದಕ